ಬಿಕ್ಕಲಂ

ಕಾರವಾರದ ತಹಶೀಲ್ದಾರ್ ಕಚೇರಿಯೆದುರು, ಬಾದಾಮಿ ಮರದಡಿ
ಮೂವತ್ತೊಂದು ವರ್ಷದಿಂದ ನನ್ನದೊಂದು ಮೇಜು.
ಮೂರು ಕಾಲು ಅದರದ್ದೇ, ನಾಲ್ಕನೆಯದು ಕಲ್ಲು.
'ಮಾನ್ಯರೇ' ಎಂದು ಶುರು, 'ತಮ್ಮ ವಿಧೇಯ' ಎಂದು ಕೊನೆ.
ನಡುವೆ ಯಾರದೋ ಪಿಂಚಣಿ, ಯಾರದೋ ಗಂಡ,
ನೌಕಾನೆಲೆಗೆ ಹೋದ ಅರ್ಗಾದ ಹನ್ನೊಂದು ಗುಂಟೆ,
ಬಾವಿ ಸಮೇತ.
'ನಾನು' ಎಂದು ದಿನಕ್ಕೆ ನೂರು ಸಲ ಬರೆದಿದ್ದೇನೆ,
ಒಂದು ಸಲವೂ ಅದು ನಾನಲ್ಲ.

ಹೋದ ಶನಿವಾರ ಬೆಳಗಿನ ಪೂಜೆಗೆ
ಕೋಡಿಬಾಗದ ಇಗರ್ಜಿಯಲ್ಲಿ ಏಳು ಜನ, ಒಂದು ನಾಯಿ.
ವಾಚನ ಓದುವ ಮೇಷ್ಟ್ರಿಗೆ ಗಂಟಲು ಕಟ್ಟಿತ್ತು,
ಪಾದ್ರಿ ನನ್ನತ್ತ ಬೆರಳು ಮಾಡಿದರು.
ರೋಮಿನವರಿಗೆ ಬರೆದ ಪತ್ರದ ಬಾಲ. ಬರೀ ಹೆಸರು.
ಅಂದ್ರೊನಿಕ, ಉರ್ಬಾನ, ಸ್ತಾಖು:
ಪೇಡಿ ಮೀನಿನ ಮುಳ್ಳಿನಂತೆ ಒಂದೊಂದೂ ಗಂಟಲಿಗೆ ಅಡ್ಡ.

ಆಮೇಲೆ ಆ ಸಾಲು ಬಂತು.
ಅಷ್ಟುದ್ದದ ಪತ್ರ ಹೇಳುತ್ತಿದ್ದ ಪೌಲ
ನೀರು ಕುಡಿಯಲು ಎದ್ದಿರಬೇಕು, ಅಥವಾ ಉಚ್ಚೆಗೆ.
ಆ ಸಂದಿನಲ್ಲಿ ಬರೆಯುತ್ತಿದ್ದವನು
ತನ್ನದೊಂದು ನಮಸ್ಕಾರ ತುರುಕಿಬಿಟ್ಟಿದ್ದಾನೆ:
ಬರೆದವ ನಾನು, ತೆರ್ತ್ಯ.
ನನ್ನ ಓದು ನಿಂತೇ ಹೋಯಿತು.
ಪಾದ್ರಿ ಕೆಮ್ಮಿದರು,
ಪುಟ ಅಂಟಿಕೊಂಡಿತೆಂದು ತಿಳಿದರೇನೋ.

ತೆರ್ತ್ಯ ಅಂದರೆ ಮೂರನೆಯವ, ಅಷ್ಟೇ.
ಅವನ ಬೆನ್ನಿಗೇ ಬರುವ ಕ್ವರ್ತ, ನಾಲ್ಕನೆಯವ.
ಗುಲಾಮರ ಮಕ್ಕಳಿಗೆ ಹೆಸರು ಹುಡುಕುವ ಪುರುಸೊತ್ತು ಯಾರಿಗೆ,
ಎಣಿಸಿ ಇಟ್ಟಿರಬೇಕು, ಎಂದರು ಪಾದ್ರಿ.
ಬೈತಖೋಲದ ದಕ್ಕೆಯಲ್ಲೂ ಕೇಳಿದ್ದೇನೆ,
ಎಲ್ಲಿಂದಲೋ ದುಡಿಯಲು ಬಂದ ಹುಡುಗನಿಗೆ ತಾಂಡೇಲ ಕೂಗುವುದು:
ಏ ಮೂರು, ಹಗ್ಗ ಬಿಡು.

ಮನೆಗೆ ಬಂದು, ಪೂಜೆಯಲ್ಲಿ ಹಾರಿಸಿದ ಸಾಲುಗಳನ್ನೂ ಓದಿದೆ.
ಅಲ್ಲಿದ್ದರು ಹೆಂಗಸರು.
ಆ ಪತ್ರ ಕಟ್ಟಿಕೊಂಡು ಸಮುದ್ರ ದಾಟಿದವಳು ಫೊಯಿಬೆ ಅನ್ನುತ್ತಾರೆ,
ದೋಣಿ ಇಳಿಯುವಾಗ ಅವಳ ಕಾಲು ಜಾರಿದ್ದರೆ
ಉಳಿಯುತ್ತಿತ್ತೇ ಒಂದಕ್ಷರ?
ತ್ರುಫೈನ, ತ್ರುಫೋಸ: ಸುಕುಮಾರಿಯರ ಹೆಸರು, ಕೂಲಿಯವರ ಕೈ.
ರೂಫನ ತಾಯಿಗೆ ಹೆಸರೇ ಇಲ್ಲ.
ನನಗೂ ಅವಳು ತಾಯಿ ಅನ್ನುತ್ತಾನೆ ಪೌಲ,
ಅಷ್ಟಂದು ಮುಂದಿನ ಹೆಸರಿಗೆ ಹೋಗುತ್ತಾನೆ.
ಏನು ಬಡಿಸಿದ್ದಳೋ.

ಇನ್ನೊಂದು ಪತ್ರದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ
ಒಂದು ಮೇಲಂಗಿಯ ತಗಾದೆ.
ಚಳಿಗಾಲದೊಳಗೆ ತಲುಪಿತೋ ಇಲ್ಲವೋ ತಿಳಿಯದು.
ತ್ರೊಫಿಮ ಕಾಯಿಲೆ ಬಿದ್ದು ಮಿಲೇತದಲ್ಲೇ ಉಳಿದ.
ಆಮೇಲೆ?
ಕಡತ ಅಲ್ಲಿಗೇ ನಿಂತಿದೆ.

ನನ್ನ ಮಾಯ್, ಪಿಯೆದಾದ್,
ಈ ಇಗರ್ಜಿ ಕಟ್ಟುವಾಗ ಕಾಳಿ ನದಿಯ ಚಿಪ್ಪು ಹೊತ್ತು
ಸುಣ್ಣದ ಗೂಡಿಗೆ ಸುರಿದವಳು.
ಬಾಗಿಲ ಬಳಿಯ ಕಲ್ಲಿನಲ್ಲಿ ಹಣ ಕೊಟ್ಟವರಿದ್ದಾರೆ,
ಗುತ್ತಿಗೆದಾರನೂ ಇದ್ದಾನೆ.
ಅವಳು?
ಗೋಡೆ ಬೆಳ್ಳಗಿದೆ.

ಖರೀದಿ ಪತ್ರವಾದರೆ ಕೊನೆಗೆ 'ಬಿಕ್ಕಲಂ' ಎಂದು
ಬರೆದವನ ಹೆಸರು ಬರುತ್ತದೆ.
ಅದಕ್ಕೆ ಪರವಾನಗಿ ಬೇಕು, ನನಗಿಲ್ಲ.
ಅರ್ಜಿಗೆ ಯಾರೂ ಕೇಳುವುದಿಲ್ಲ.

ಸೋಮವಾರ ಮಾಣಕಿ ಹರಿಕಂತ್ರ ಬಂದಳು,
ಅದೇ ಹನ್ನೊಂದು ಗುಂಟೆ, ಆರನೆಯ ಅರ್ಜಿ.
ಬರೆದೆ. ಓದಿ ಹೇಳಿದೆ.
'ಬಾವಿ ಮರೆತಿಲ್ಲ ತಾನೆ?' ಅಂದಳು. ಇಲ್ಲ ಅಂದೆ.
ಹೆಬ್ಬೆಟ್ಟು ಒತ್ತಿ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು.
ಅದರ ಕೆಳಗೆ, ಸಣ್ಣಗೆ, ಮೊದಲ ಸಲ ಬರೆದೆ:
ಬಿಕ್ಕಲಂ, ಕಾಯ್ತಾನ್ ಲೋಪಿಸ್.

ಶಿರಸ್ತೇದಾರರು ಕನ್ನಡಕ ಏರಿಸಿದರು.
ಇದ್ಯಾರು? ಈ ಪ್ರಕರಣಕ್ಕೂ ಇವನಿಗೂ ಏನು ಸಂಬಂಧ?
ಏನಿಲ್ಲ ಸಾಹೇಬ್ರೆ,
ನಮಸ್ಕಾರ ಹೇಳಿದ್ದೇನೆ, ಅಂದೆ.
ಅವರು ಸೀಲು ಒತ್ತಿದರು,
ಸರಿಯಾಗಿ ನನ್ನ ಹೆಸರಿನ ಮೇಲೇ.